ತೆಂಗಿನ ಸೀಮೆಯಲ್ಲಿ ಪಾಪಿ ಹೂ

ತೆಂಗಿನ ಸೀಮೆಯವರಾದ ನಾವು ಗಿಡಮರಗಳನ್ನು ಅಳೆಯುವ ಕೋಲೇ ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಎತ್ತ ತಿರುಗಿ ನೋಡಿದರೂ ಕಣ್ಣಿಗೆ ಬೀಳುವುದು ತೆಂಗಿನ ತಲೆಗಳು. ಹೆಣ್ಣು ಕೊಡಲು ಬಂದವರು ಮನೆಯ ಕಂಬಗಳನ್ನು ಎಣಿಸುವ ಮೊದಲು ತೋಟದ ಮರಗಳನ್ನು ಎಣಿಸುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಭೂಮಿಯ ಅಳತೆಗಿಂತ ಮರಗಳ ಲೆಕ್ಕಕ್ಕೇ ಹೆಚ್ಚು ಮಾತು ಬೆಳೆಯುತ್ತದೆ. ಸಸಿ ನೆಟ್ಟವನು ಆರೇಳು ವರ್ಷ ಕಾಯುತ್ತಾನೆ. ಆಮೇಲೆ ಅವನ ಮಕ್ಕಳು, ಮೊಮ್ಮಕ್ಕಳು ಅದರ ಫಲವನ್ನು ಉಣ್ಣುತ್ತಾರೆ. ಕಾಯಿ, ಕೊಬ್ಬರಿ, ಎಣ್ಣೆ, ಗರಿ, ನಾರು, ಚಿಪ್ಪು ಎಂದು ಮರದ ಒಂದೊಂದು ಅಂಗಕ್ಕೂ ಒಂದೊಂದು ಬೆಲೆ ಕಟ್ಟಿ ಕಲಿತವರು ನಾವು. ಇಂಥ ನಾಡಿನಲ್ಲಿ ನಾಲ್ಕೇ ತಿಂಗಳಲ್ಲಿ ಹುಟ್ಟಿ ಮುಗಿಯುವ, ಒಂದೆರಡು ದಿನ ಮಾತ್ರ ಅರಳಿ ನಿಲ್ಲುವ, ಕಾಯಿಪಲ್ಯಕ್ಕಾಗಲಿ ಮೇವಿಗಾಗಲಿ ಒದಗದ ಒಂದು ಹೂವಿನ ಬಗ್ಗೆ ಮಾತಾಡಲು ಹೊರಟರೆ ಕೆಲವರಿಗೆ ಅದು ಅಧಿಕಪ್ರಸಂಗವೆನಿಸಬಹುದು. ಆದರೂ ಇಂದು ನಾನು ಹೇಳಬೇಕೆಂದಿರುವುದು ಪಾಪಿ ಹೂವಿನ ವಿಚಾರವನ್ನೇ.

ಹೆಸರಿನಿಂದಲೇ ಈ ಹೂವಿಗೆ ನಮ್ಮಲ್ಲಿ ಅರ್ಧ ಅಪವಾದ ಅಂಟಿಕೊಂಡಿದೆ. ಇಂಗ್ಲಿಷಿನ ‘ಪಾಪಿ’ಗೂ ನಮ್ಮ ಪಾಪಕ್ಕೂ ಯಾವ ಸಂಬಂಧವೂ ಇಲ್ಲ, ಲ್ಯಾಟಿನ್ ಭಾಷೆಯ ‘ಪಪಾವರ್’ ಎಂಬ ಮಾತು ಸವೆದು ಆ ರೂಪಕ್ಕೆ ಬಂದದ್ದು. ಆದರೆ ನಮ್ಮ ಕಿವಿ ಕೇಳಬೇಕಲ್ಲ! ಪಕ್ಕದ ತೋಟದ ಯಜಮಾನರು ಮೊದಲ ಬಾರಿ ಈ ಹೆಸರನ್ನು ಕೇಳಿದಾಗ, “ಹೋಗಿ ಹೋಗಿ ಪಾಪೀನ ತಂದು ಮನೆ ಮುಂದೆ ಇಟ್ಕೊಂಡ್ರಲ್ಲ ಮೇಷ್ಟ್ರೇ!” ಎಂದು ನಕ್ಕರು. ಹೂ ಬಿಟ್ಟ ಮೇಲೆ ಒಂದು ದಿನ ಬೇಲಿಯ ಆಚೆ ನಿಂತು, “ಇದು ದೇವರ ತಲೆ ಮೇಲೂ ಇಲ್ಲ, ಹೆಣ್ಣುಮಕ್ಕಳ ತಲೆ ಮೇಲೂ ಇಲ್ಲ. ದನ ಮೂಸಿ ನೋಡಲ್ಲ. ಇದಕ್ಯಾಕೆ ನೀರು ಹೊಯ್ತೀರಿ?” ಎಂದು ಕೇಳಿದರು. “ನೋಡೋದಕ್ಕೆ ಯಜಮಾನರೇ” ಎಂದೆ. ಅವರು ಉತ್ತರ ಕೊಡಲಿಲ್ಲ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿಯೇ ಹೋದರು.

ನಿಜವಾಗಿ ನೋಡಿದರೆ ಪಾಪಿಯ ಮನೆತನ ನಮಗೆ ಅಪರಿಚಿತವಲ್ಲ. ಹಬ್ಬದ ದಿನ ನಾವು ಗಸಗಸೆ ಪಾಯಸ ಮಾಡುತ್ತೇವೆ. ಗಸಗಸೆಯನ್ನೂ ಒಂದು ಹಿಡಿ ಅಕ್ಕಿಯನ್ನೂ ಹುರಿದು, ನಮ್ಮ ತೋಟದ ತೆಂಗಿನಕಾಯಿಯ ತುರಿಯೊಡನೆ ನುಣ್ಣಗೆ ರುಬ್ಬಿ, ಬೆಲ್ಲ ಏಲಕ್ಕಿ ಹಾಕಿ ಕುದಿಸಿದ ಆ ಪಾಯಸವನ್ನು ಕುಡಿದ ಮಧ್ಯಾಹ್ನ ಚಾಪೆ ತಾನಾಗಿಯೇ ನೆನಪಾಗುತ್ತದೆ. ಆ ಗಸಗಸೆ ಪಾಪಿ ಜಾತಿಯ ಒಂದು ಗಿಡದ ಬೀಜ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪಪಾವರ್ ಸಾಮ್ನಿಫೆರಮ್. ಎಂದರೆ ನಿದ್ದೆ ತರುವ ಪಾಪಿ. ಅದರ ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲೇ ಗಟ್ಟಿಯಾಗಿ ಅಫೀಮಾಗುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಅಹಿಫೇನ, ಹಾವಿನ ನೊರೆ, ಎಂಬ ಹೆಸರುಂಟು. ಒಂದೇ ಗಿಡದ ಬೀಜ ಪಾಯಸಕ್ಕೆ, ಹಾಲು ವಿಷಕ್ಕೆ ಮತ್ತು ಔಷಧಕ್ಕೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಕೋಲಾರದ ಕಡೆ ಈ ಬೆಳೆ ಇದ್ದುದನ್ನು ಗುರುತಿಸಿದ್ದಾನೆ. ಬೀಜ ಭಕ್ಷ್ಯಗಳಿಗೆ, ಹಾಲು ಅಫೀಮಿಗೆ ಎಂಬ ಎರಡು ಬಳಕೆಯೂ ಆಗ ಇತ್ತು.

ಇದೇ ಮನೆತನದ ಇನ್ನೊಂದು ಗಿಡ ನಮ್ಮ ರಸ್ತೆಯ ಬದಿಗಳಲ್ಲಿ, ಬೀಳು ಹೊಲಗಳಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆದು ನಿಂತಿದೆ. ಎಲೆಯ ತುಂಬ ಮುಳ್ಳು, ನರಗಳ ಉದ್ದಕ್ಕೂ ಬಿಳಿಯ ಗೆರೆ, ಮುರಿದರೆ ಅರಿಶಿನ ಬಣ್ಣದ ಹಾಲು. ತುದಿಯಲ್ಲಿ ಮಾತ್ರ ನಿಂಬೆಹಳದಿಯ ನವುರಾದ ಹೂ. ನಮ್ಮವರು ಅದನ್ನು ದತ್ತೂರಿ ಗಿಡ, ಅರಿಶಿನ ಉಮ್ಮತ್ತಿ ಎಂದೆಲ್ಲ ಕರೆಯುತ್ತಾರೆ. ಅದು ಉಮ್ಮತ್ತಿಯ ಕುಲಕ್ಕೆ ಸೇರಿದ್ದಲ್ಲ. ಮೆಕ್ಸಿಕೊ ದೇಶದ ಕಡೆಯಿಂದ ಬಂದು ನೆಲೆಸಿದ ಮುಳ್ಳುಪಾಪಿ. ಸಾಸಿವೆಯನ್ನು ಹೋಲುವ ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಯೊಂದಿಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಅನೇಕರ ಮೈಕೈ ಊದಿ, ಜೀವಗಳೂ ಹೋದುವು. ಪಾಪಿ ಹೂವಿನ ದಳ ಹೇಗಿರುತ್ತದೆ ಎಂದು ತಿಳಿಯಬೇಕಾದವರು ಬೆಳಗಿನ ಹೊತ್ತು ಈ ಮುಳ್ಳುಗಿಡದ ಹೂವನ್ನು ಹತ್ತಿರದಿಂದ ನೋಡಬಹುದು. ಈಗ ತಾನೇ ಮಡಿಕೆ ಬಿಚ್ಚಿದ ರೇಷ್ಮೆಯ ಸುಕ್ಕು ಅದರಲ್ಲಿಯೂ ಇದೆ.

ಹೀಗೆ ಅಡುಗೆಮನೆಯಲ್ಲೊಬ್ಬ, ಬೀದಿಯಲ್ಲೊಬ್ಬ ನೆಂಟನಿರುವಾಗ ಹೂದೋಟಕ್ಕೆ ಬರುವ ಪಾಪಿ ಯಾವುದು ಎಂಬುದನ್ನು ಮೊದಲೇ ಖಚಿತಮಾಡಿಕೊಳ್ಳಬೇಕು. ಇದು ಕೇವಲ ಪಾಂಡಿತ್ಯದ ಮಾತಲ್ಲ. ನಮ್ಮ ದೇಶದ 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಅಫೀಮಿನ ಪಾಪಿಯನ್ನು ಸರ್ಕಾರದ ಪರವಾನಗಿ ಇಲ್ಲದೆ ಬೆಳೆಯುವುದು ಅಪರಾಧ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಮಾತ್ರ ಔಷಧಕ್ಕಾಗಿ ಅದನ್ನು ಬೆಳೆಯುತ್ತಾರೆ. ಉಳಿದವರು ಬೆಳೆದರೆ ಹತ್ತು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕಾಯಿದೆ ಎಕರೆಗಟ್ಟಲೆ ಬೆಳೆ, ಹೂಕುಂಡದ ಗಿಡ ಎಂದು ಭೇದವೆಣಿಸುವುದಿಲ್ಲ. ಅರಿಯದೆ ಬೆಳೆದೆ ಎಂದರೆ, ಅರಿಯದಿದ್ದುದನ್ನು ನ್ಯಾಯಾಲಯದಲ್ಲಿ ಸಾಧಿಸಿ ತೋರಿಸುವ ಹೊಣೆ ಬೆಳೆದವನ ಮೇಲೆಯೇ ಬೀಳುತ್ತದೆ. ತನ್ನ ಜಮೀನಿನಲ್ಲಿ ಇಂಥ ಬೆಳೆ ಇದ್ದರೆ ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಭೂಮಿಯ ಒಡೆಯನ ಕರ್ತವ್ಯವೆಂದೂ ಅದೇ ಕಾಯಿದೆ ಹೇಳುತ್ತದೆ. ಅಂಗಡಿಯ ಗಸಗಸೆಗೆ ಈ ತೊಡಕಿಲ್ಲ. ಬೀಜದಲ್ಲಿ ಅಮಲಿಲ್ಲವೆಂದು ಕಾಯಿದೆ ಅದನ್ನು ಹೊರಗಿಟ್ಟಿದೆ. ಟರ್ಕಿ ಮೊದಲಾದ ದೇಶಗಳಿಂದಲೂ ಅದು ನಮಗೆ ಬರುತ್ತದೆ. ಆದರೆ ಪಾಯಸಕ್ಕೆ ತಂದ ಗಸಗಸೆಯಲ್ಲಿ ಒಂದು ಚಿಟಿಕೆಯನ್ನು ಹಿತ್ತಿಲಲ್ಲಿ ಎರಚಿ ನೋಡೋಣ ಎಂಬ ಕುತೂಹಲವನ್ನು ಮಾತ್ರ ಯಾರೂ ಇಟ್ಟುಕೊಳ್ಳಬಾರದು. ಬೀಜಕ್ಕೆ ಜೀವವಿದ್ದರೆ ಮೊಳೆಯುವುದು ಅಪರಾಧವೇ.

ಬೀಜದ ಪೊಟ್ಟಣಗಳಲ್ಲಿಯೂ ಈ ಗೊಂದಲ ಉಂಟು. ಬರಿಯ ‘ಪಾಪಿ’ ಎಂದೋ, ‘ಪಿಯೊನಿ ಪಾಪಿ’ ಎಂದೋ, ‘ಬ್ರೆಡ್‌ಸೀಡ್ ಪಾಪಿ’ ಎಂದೋ ಬರೆದಿರುವ ಸುಂದರ ಚಿತ್ರದ ಪೊಟ್ಟಣಗಳು ಹೊರದೇಶಗಳಿಂದ ನೆಂಟರ ಕೈಯಲ್ಲಿ ಬರುತ್ತವೆ. ಕೊನೆಯ ಎರಡು ಹೆಸರುಗಳು ಸಾಮ್ನಿಫೆರಮ್‌ನವೇ. ಆದ್ದರಿಂದ ಚಿತ್ರವನ್ನು ನಂಬದೆ ಸಸ್ಯಶಾಸ್ತ್ರದ ಹೆಸರನ್ನು ಓದಬೇಕು; ಆ ಹೆಸರಿಲ್ಲದ ಪೊಟ್ಟಣವನ್ನು ಬಿತ್ತಬಾರದು. ಗಿಡವನ್ನು ನೋಡಿ ಗುರುತಿಸುವ ದಾರಿಯೂ ಇದೆ. ಅಫೀಮಿನ ಪಾಪಿಯ ಎಲೆ ಅಗಲ, ನುಣುಪು, ಬೂದಿ ಬಳಿದಂತೆ ನೀಲಿಹಸಿರು. ಅದು ಕಾಂಡವನ್ನು ತಬ್ಬಿಕೊಂಡಿರುತ್ತದೆ. ಕಾಯಿ ನಿಂಬೆಹಣ್ಣಿನಷ್ಟು ದಪ್ಪವಾಗಬಲ್ಲುದು. ಹೂದೋಟದ ಕೆಂಪು ಪಾಪಿಯ ಎಲೆ ಹಸಿರು, ಆಳವಾಗಿ ಸೀಳಿದ್ದು. ಕಾಂಡದ ತುಂಬ ಒರಟು ರೋಮ. ಕಾಯಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಇವೆರಡನ್ನೂ ಯಾರೂ ಅದಲುಬದಲು ಮಾಡಲಾರರು.

ನಮ್ಮ ಹಿತ್ತಿಲುಗಳಿಗೆ ನಿಶ್ಚಿಂತೆಯಿಂದ ತಂದುಕೊಳ್ಳಬಹುದಾದ ಪಾಪಿಗಳು ಮುಖ್ಯವಾಗಿ ಎರಡು. ಮೊದಲನೆಯದು ಯೂರೋಪಿನ ಗೋಧಿ ಹೊಲಗಳ ಕೆಂಪು ಪಾಪಿ, ಪಪಾವರ್ ರೀಯಸ್. ಅದರಿಂದ ಹುಟ್ಟಿದ ಶರ್ಲಿ ಪಾಪಿಗಳ ಕಥೆ ತೋಟಗಾರರೆಲ್ಲ ಕೇಳತಕ್ಕದ್ದು. ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್ 1880ರ ಸುಮಾರಿನಲ್ಲಿ ತನ್ನ ತೋಟದ ಮೂಲೆಯ ಕಾಡು ಪಾಪಿಗಳ ನಡುವೆ ಅಂಚಿನಲ್ಲಿ ಬಿಳಿಯ ಗೆರೆಯಿದ್ದ ಒಂದೇ ಒಂದು ಹೂವನ್ನು ಕಂಡ. ಅದರ ಬೀಜವನ್ನು ಬೇರೆಯಾಗಿ ಇಟ್ಟು ಬಿತ್ತಿದ. ಬಂದ ಹೂಗಳಲ್ಲಿ ಮತ್ತೆ ಆರಿಸಿದ. ಹೀಗೆ ವರ್ಷ ವರ್ಷವೂ ಆರಿಸುತ್ತ ಹೋಗಿ ಬಿಳಿ, ಗುಲಾಬಿ, ಕೇಸರಿ ಬಣ್ಣಗಳ, ನಡುವಿನ ಕಪ್ಪು ಕಲೆ ಅಳಿದುಹೋದ ಒಂದು ತಳಿಯನ್ನೇ ಪಡೆದ. ಅವನಿಗೆ ಬೇಕಾದದ್ದು ಒಂದು ಹೂವನ್ನು ಗುರುತಿಸುವ ಕಣ್ಣು, ಮತ್ತೆ ತಾಳ್ಮೆ. ಎರಡನೆಯದು ಕ್ಯಾಲಿಫೋರ್ನಿಯಾ ಪಾಪಿ. 1816ರಲ್ಲಿ ರಷ್ಯದ ಹಡಗೊಂದರಲ್ಲಿ ಆ ತೀರಕ್ಕೆ ಬಂದ ಕವಿ ಮತ್ತು ಸಸ್ಯಜ್ಞ ಶಮಿಸೊ, ಜತೆಗಿದ್ದ ಗೆಳೆಯ ಎಶ್‌ಶೋಲ್ಟ್ಸ್ ಎಂಬ ವೈದ್ಯನ ಹೆಸರನ್ನು ಅದಕ್ಕಿಟ್ಟ. 1903ರಿಂದ ಅದು ಆ ರಾಜ್ಯದ ಹೂ. ಎಲೆ ಸಬ್ಬಸಿಗೆಯಂತೆ ನವಿರು, ಹೂ ಅಪ್ಪಟ ಕಿತ್ತಳೆ. ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ, ಬಿಸಿಲು ಬಂದರೆ ಬಿಚ್ಚಿಕೊಳ್ಳುತ್ತದೆ. ಐಸ್‌ಲ್ಯಾಂಡ್ ಪಾಪಿ ಎಂಬ ಮೂರನೆಯದೊಂದಿದೆ. ಅದು ಚಳಿಯ ಕೂಸು, ನಮ್ಮ ಫೆಬ್ರವರಿಯ ಬಿಸಿಲನ್ನು ತಾಳಲಾರದು.

ಬೆಳೆಸುವ ಕ್ರಮವನ್ನು ಹೇಳುವ ಮೊದಲು ಈ ಹೂವಿನ ಸ್ವಭಾವದ ಬಗ್ಗೆ ಒಂದು ಮಾತು. ಕೆಂಪು ಪಾಪಿ ಕಲಕಿದ ಮಣ್ಣಿನ ಹೂ. ದಟ್ಟವಾಗಿ ಹುಲ್ಲು ಬೆಳೆದಲ್ಲಿ, ನೆರಳಿನಲ್ಲಿ ಅದು ಏಳುವುದಿಲ್ಲ. ಬೀಜ ಮಣ್ಣಿನ ಆಳದಲ್ಲಿ ದಶಕಗಳ ಕಾಲ ಸುಮ್ಮನೆ ಮಲಗಿರಬಲ್ಲುದು. ನೇಗಿಲೋ ಗುದ್ದಲಿಯೋ ಅದನ್ನು ಮೇಲಕ್ಕೆ ತಂದು ಬೆಳಕು ತೋರಿಸಿದ ವರ್ಷ ಏಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ನೆಲವನ್ನು ಫಿರಂಗಿಯ ಗುಂಡುಗಳು ಉತ್ತುಹಾಕಿದಾಗ ಗೋರಿಗಳ ನಡುವೆ ಎದ್ದುನಿಂತದ್ದು ಇದೇ ಹೂ. ಕೆನಡಾದ ಸೈನ್ಯದ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಅದನ್ನು ಕುರಿತು ಕವಿತೆ ಬರೆದ ಮೇಲೆ ಅದು ಮಡಿದವರ ನೆನಪಿನ ಹೂವಾಯಿತು. ಇಂದಿಗೂ ನವೆಂಬರ್ 11ರಂದು ಹಲವು ದೇಶಗಳ ಜನ ಕೆಂಪು ಪಾಪಿಯ ಗುರುತನ್ನು ಎದೆಯ ಮೇಲೆ ಧರಿಸುತ್ತಾರೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದವರೂ ಆ ಯುದ್ಧದಲ್ಲಿದ್ದು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಕಾಳಗದಲ್ಲಿ ಹೋರಾಡಿದರು. ಆದ್ದರಿಂದ ಆ ನೆನಪು ನಮಗೆ ತೀರ ಹೊರಗಿನದೆನ್ನಲಾಗದು. ಒಟ್ಟಿನಲ್ಲಿ, ಎಲ್ಲಿ ಏನೋ ಒಂದು ಹೋಗಿ ತೆರಪು ಬಿದ್ದಿದೆಯೋ ಅಲ್ಲಿ ಬರುವುದು ಪಾಪಿಯ ಧರ್ಮ.

ನಮ್ಮ ಸೀಮೆಯಲ್ಲಿ ಅಂಥ ತೆರಪು ಎಲ್ಲಿದೆ? ಎಂಟು ವರ್ಷ ತುಂಬಿದ ತೆಂಗಿನ ತೋಟ ಇಪ್ಪತ್ತೈದು ವರ್ಷದವರೆಗೆ ನೆಲಕ್ಕೆ ಬೆಳಕು ಬಿಡುವುದು ಬಹಳ ಕಡಿಮೆ. ಮರ ಎತ್ತರಕ್ಕೆ ಹೋದ ಮೇಲೆ ಓರೆಯಾಗಿ ಬಿಸಿಲು ಬರತೊಡಗುತ್ತದೆ. ಮಿಶ್ರಬೆಳೆ ಮಾಡುವವರಿಗೆ ತಜ್ಞರು ಹೇಳುವ ಈ ಲೆಕ್ಕ ಹೂವಿಗೂ ಅನ್ವಯಿಸುತ್ತದೆ. ಪಾಪಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನಮ್ಮ ಹಿತ್ತಿಲಲ್ಲಿ ಅಂಥ ಜಾಗವೇ ಇರಲಿಲ್ಲ. 2016ರ ಬರಗಾಲದ ಆಚೀಚೆ ನಮ್ಮ ತಂದೆಯವರು ನೆಟ್ಟ ಎರಡು ಮರಗಳ ಸುಳಿ ಬಾಡಿತು. ಕಳೆದ ಶತಮಾನದ ಕೊನೆಯಲ್ಲಿ ಬಂದ ನುಸಿಪೀಡೆಯನ್ನು ತಡೆದುಕೊಂಡ ಮರಗಳು, ಬೇರಿಗೆ ನೀರು ಸಿಗದೆ ಸೋತವು. ಆ ವರ್ಷಗಳಲ್ಲಿ ನಮ್ಮ ಸುತ್ತಿನ ಎಷ್ಟೋ ತೋಟಗಳಲ್ಲಿ ತಲೆಯಿಲ್ಲದ ಕಂಬಗಳು ನಿಂತದ್ದನ್ನು ಕೇಳುಗರಲ್ಲಿ ಅನೇಕರು ಕಂಡಿರಬೇಕು. ಎರಡು ಮರಗಳನ್ನೂ ಕಡಿಸಿದೆವು. ಕಡಿದ ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಐವತ್ತು ವರ್ಷ ಬಿಸಿಲನ್ನೇ ಕಾಣದ ನೆಲದ ಮೇಲೆ ಬಿಸಿಲು ಬಿದ್ದಿತ್ತು. ನಮ್ಮ ತಾಯಿಯವರು ಆ ಬೆಳಕನ್ನು ಬಹಳ ದಿನ ನೋಡಲಾರದೆ ಹೋದರು. ಪಾಪಿ ಬಿತ್ತಿದ್ದು ಆ ತೆರಪಿನಲ್ಲಿ.

ಇನ್ನು ಕ್ರಮಕ್ಕೆ ಬರೋಣ. ಉಳಿದ ತೆಂಗಿನ ಮರಗಳ ಬುಡದಿಂದ ಎರಡು ಮೀಟರ್ ಸುತ್ತಿನ ಮಣ್ಣು ಆ ಮರಗಳ ಬೇರಿನದು, ಅಲ್ಲಿ ಕೈಹಾಕಬಾರದು. ಅದರಾಚೆ ಹತ್ತಡಿ ಉದ್ದ, ನಾಲ್ಕಡಿ ಅಗಲದ ಪಾತಿಯೊಂದು ಒಂದು ಮನೆಗೆ ಸಾಕು. ಮಣ್ಣನ್ನು ಒಂದಡಿ ಆಳ ಅಗೆದು, ಹೆಂಟೆ ಒಡೆದು, ಅರ್ಧ ಅಡಿ ಎತ್ತರಿಸಿ ಪಾತಿ ಕಟ್ಟಬೇಕು. ನಮ್ಮ ಕೆಂಪು ಮರಳು ಮಣ್ಣು ಈ ಗಿಡಕ್ಕೆ ಒಗ್ಗುತ್ತದೆ. ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದರೆ ಧಾರಾಳವಾಯಿತು. ಕೆರೆಗೋಡು ತೆಂಗಿಗೆ ಅಮೃತ; ಪಾಪಿಗೆ ಮಾತ್ರ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಯೂರಿಯಾದಂಥ ಗೊಬ್ಬರ ಕೊಟ್ಟರೆ ಎಲೆ ಸೊಕ್ಕುತ್ತದೆ, ಹೂ ಸೊರಗುತ್ತದೆ.

ಬಿತ್ತುವ ಕಾಲ ಬಹಳ ಮುಖ್ಯ. ನಮ್ಮ ಊರುಗಳು ಸಮುದ್ರಮಟ್ಟದಿಂದ ಎಂಟುನೂರು ಮೀಟರಿನ ಆಚೀಚೆ ಇರುವುದರಿಂದ ಧನುರ್ಮಾಸದ ರಾತ್ರಿಗಳಲ್ಲಿ ಒಳ್ಳೆಯ ಚಳಿ ಬೀಳುತ್ತದೆ. ಪಾಪಿಗೆ ಬೇಕಾದದ್ದು ಆ ಚಳಿಯೇ. ಚಿತ್ತಾ, ಸ್ವಾತಿ ಮಳೆಗಳು ಕಳೆದು, ವಿಶಾಖ ಮಳೆಯ ಹೊತ್ತಿಗೆ ಆಕಾಶ ಬಿಳುಪಾದಾಗ, ಎಂದರೆ ನವೆಂಬರ್ ತಿಂಗಳ ಮೊದಲ ಹದಿನೈದು ದಿನಗಳಲ್ಲಿ, ಬಿತ್ತುವುದು ಒಳ್ಳೆಯದು. ಹೊಲದ ಅಂಚಿನ ಅಕ್ಕಡಿಯಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟದ್ದನ್ನು ಕಂಡರೆ ಪಾತಿ ಸಿದ್ಧವಾಗಿರಬೇಕೆಂದು ತಿಳಿಯಬಹುದು. ಮೊದಲೇ ಬಿತ್ತಿದರೆ ಮಳೆಯ ಹೊಡೆತಕ್ಕೆ ಬೀಜ ಕೊಚ್ಚಿಹೋಗುತ್ತದೆ. ತಡವಾದರೆ ಹೂ ಬಿಡುವ ಹೊತ್ತಿಗೆ ಬಿಸಿಲು ಏರಿಬಿಡುತ್ತದೆ.

ಬೀಜದ ಸಣ್ಣತನವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ರಾಗಿಯಾದರೆ ಒಂದು ಗ್ರಾಮಿಗೆ ಮುನ್ನೂರು ನಾನೂರು ಕಾಳು ತೂಗೀತು. ಕೆಂಪು ಪಾಪಿಯ ಬೀಜ ಒಂದು ಗ್ರಾಮಿಗೆ ಸುಮಾರು ಹತ್ತು ಸಾವಿರ. ಹಾಗೆಯೇ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಆದ್ದರಿಂದ ಒಂದು ಚಿಟಿಕೆ ಬೀಜವನ್ನು ಒಂದು ಪಾವು ಜರಡಿ ಹಿಡಿದ ಒಣ ಮರಳಿನೊಂದಿಗೆ ಬೆರೆಸಿ, ಪಾತಿಯ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ರಂಗೋಲಿ ಪುಡಿ ಉದುರಿಸಿದಂತೆ ಉದುರಿಸಬೇಕು. ಮೇಲೆ ಮಣ್ಣು ಮುಚ್ಚಬಾರದು. ಬೀಜಕ್ಕೆ ಬೆಳಕು ಬೇಕು. ಹಲಗೆಯೊಂದನ್ನು ಇಟ್ಟು ಮೆಲ್ಲಗೆ ಒತ್ತಿದರೆ ಬೀಜ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಸಣ್ಣ ತೂತುಗಳ ಮೂತಿಯಿರುವ ಡಬ್ಬಿಯಿಂದ ಮಂಜು ಬಿದ್ದಂತೆ ನೀರು ಹನಿಸಬೇಕು. ಕೋಳಿ ಕೆದಕದಂತೆ ಪಾತಿಯ ಮೇಲೆ ಒಂದೆರಡು ತೆಂಗಿನ ಗರಿಗಳನ್ನು ಬಿಡಿಬಿಡಿಯಾಗಿ ಹಾಸಿ, ಮೊಳಕೆ ಕಂಡೊಡನೆ ತೆಗೆದುಬಿಡಬೇಕು. ಹತ್ತರಿಂದ ಹದಿನೈದು ದಿನಗಳಲ್ಲಿ ನೆಲದ ಮೇಲೆ ಹಸಿರಿನ ತೆಳ್ಳನೆಯ ಪೊರೆಯೊಂದು ಕಾಣುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಈ ಮೊಳಕೆಗಳನ್ನು ನೋಡಿದರೆ ಆ ಗಾದೆಯ ಮೇಲೆ ನಂಬಿಕೆ ಹೋಗುವಷ್ಟು ಬಡಕಲು.

ಮುಂದಿನ ಕೆಲಸ ಸ್ವಲ್ಪ ನಿಷ್ಠುರವಾದದ್ದು. ಮೆಣಸಿನ ಸಸಿಯಂತೆ, ಟೊಮೆಟೊ ಸಸಿಯಂತೆ ಪಾಪಿಯನ್ನು ಒಟ್ಟಲಿನಿಂದ ಕಿತ್ತು ಬೇರೆಡೆ ನೆಡಲು ಬರುವುದಿಲ್ಲ. ಅದರ ತಾಯಿಬೇರು ಒಂದೇ ನೇರಕ್ಕೆ ಇಳಿಯುತ್ತದೆ. ಅಲುಗಿದರೆ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಬಿದ್ದಲ್ಲೇ ಬೆಳೆಯಬೇಕು, ಅಲ್ಲೇ ಮುಗಿಯಬೇಕು. ಹಾಗಾಗಿ ನಾಲ್ಕೆಲೆ ಬಂದಾಗ ಗೇಣಿಗೊಂದರಂತೆ ಉಳಿಸಿ ಮಿಕ್ಕ ಸಸಿಗಳನ್ನು ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿಬಿಡಬೇಕು. ಎಳೆದರೆ ಪಕ್ಕದ ಸಸಿಯ ಬೇರೂ ಸಡಿಲುತ್ತದೆ. ತೆಂಗಿಗೆ ಮೂವತ್ತು ಅಡಿ ಅಂತರ ಬೇಕೆಂಬುದನ್ನು ಬಲ್ಲ ನಮ್ಮ ಜನಕ್ಕೆ ಈ ಮಾತಿನ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒತ್ತಾಗಿ ಬಿಟ್ಟರೆ ನೂರು ಗಿಡವೂ ಬಡವಾಗುತ್ತವೆ; ತೆಳುಮಾಡಿದರೆ ಹತ್ತು ಗಿಡವೇ ಪಾತಿಯನ್ನು ತುಂಬುತ್ತವೆ.

ನೀರಿನ ವಿಷಯದಲ್ಲಿ ಈ ಹೂ ಬಹಳ ಮರ್ಯಾದಸ್ಥ. ಕೊಳವೆಬಾವಿಗಳ ಆಳವನ್ನು ನೂರರ ಲೆಕ್ಕದಲ್ಲಿ ಹೇಳುವ ನಮ್ಮ ನಾಡಿನಲ್ಲಿ ಹೂವಿಗೆ ನೀರೆಂದರೆ ಯಾರಿಗಾದರೂ ಅಳುಕಾಗುವುದು ಸಹಜ. ಈ ಪಾತಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಮೂರು ಬಿಂದಿಗೆ ನೀರು ಸಾಕು. ಹೆಚ್ಚಾದರೆ ಸಸಿಗಳ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತವೆ. ಬೆಳಗಿನ ಹೊತ್ತು, ಎಲೆಯ ಮೇಲೆ ಬೀಳದಂತೆ ಬುಡಕ್ಕೆ ಹೊಯ್ಯುವುದು ಲೇಸು. ಹೇನು ಕಂಡರೆ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಚಿಮುಕಿಸಿದರೆ ಮುಗಿಯಿತು. ಗಿಡದ ಹಾಲನ್ನು ಮಕ್ಕಳು ಬಾಯಿಗಿಡದಂತೆ, ಕರು ಮೇಯದಂತೆ ನೋಡಿಕೊಳ್ಳಬೇಕು. ಕೆಂಪು ಪಾಪಿಯಲ್ಲಿ ಅಫೀಮಿಲ್ಲ, ಆದರೂ ಅದು ತಿನ್ನತಕ್ಕದ್ದಲ್ಲ.

ಹೀಗೆ ಎರಡು ತಿಂಗಳು, ಎರಡೂವರೆ ತಿಂಗಳು ಕಳೆದು ಸಂಕ್ರಾಂತಿಯ ಹೊತ್ತಿಗೆ ಮೊಗ್ಗು ಕಾಣುತ್ತದೆ. ರೋಮ ತುಂಬಿದ ಆ ಮೊಗ್ಗು ತಲೆ ತಗ್ಗಿಸಿಕೊಂಡು ನಿಂತಿರುತ್ತದೆ. ನಾಳೆ ಅರಳಬೇಕೆಂದರೆ ಇಂದು ಸಂಜೆ ಕೊರಳೆತ್ತಿ ನೇರವಾಗುತ್ತದೆ. ಬೆಳಿಗ್ಗೆ ಎರಡು ಹಸಿರು ಕವಚಗಳು ಕಳಚಿ ನೆಲಕ್ಕೆ ಬೀಳುತ್ತವೆ. ಒಳಗೆ ಮುದುಡಿ ಇಟ್ಟಿದ್ದ ನಾಲ್ಕು ದಳಗಳು ಬಿಸಿಲಿಗೆ ಸುಕ್ಕು ಬಿಚ್ಚಿಕೊಳ್ಳುತ್ತ ಹೋಗುತ್ತವೆ. ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ ಯಥೇಚ್ಛ. ತೆಂಗಿನ ಹೊಂಬಾಳೆಗಳನ್ನು ಸುತ್ತಿ ಬಂದ ತುಡುವೆ ಜೇನುಗಳು ಈ ಹೂವಿಗಿಳಿದು ಕಾಲಿಗೆ ಕಪ್ಪುಛಾಯೆಯ ಪರಾಗವನ್ನು ಮೆತ್ತಿಕೊಂಡು ಏಳುತ್ತವೆ. ಮರುದಿನವೋ ಅದರ ಮರುದಿನವೋ ದಳಗಳು ಉದುರುತ್ತವೆ. ಕನಕಾಂಬರದಂತೆ ದಂಡೆ ಕಟ್ಟಲು ಬಾರದು; ಸೇವಂತಿಗೆಯಂತೆ ಮಾರಿನ ಲೆಕ್ಕದಲ್ಲಿ ಮಾರಲು ಬಾರದು. ಹೂವಿನೊಡನೆ ಸ್ವರ್ಗ ಸೇರುವ ಯೋಗ ನಮ್ಮ ತೆಂಗಿನ ನಾರಿಗೆ ಇಲ್ಲಿ ಇಲ್ಲ. ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗುಗಳು ಬರುತ್ತಲೇ ಇರುತ್ತವೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುವುದುಂಟು. ಪಾಪಿಯೂ ಅದರ ಜತೆಯಲ್ಲೇ ಹೊರಡುತ್ತದೆ.

ಬೀಜಕ್ಕೆಂದು ನಾಲ್ಕೈದು ಒಳ್ಳೆಯ ಗಿಡಗಳ ಕೊನೆಯ ಹೂಗಳನ್ನು ಚಿವುಟದೆ ಬಿಡಬೇಕು. ಕಾಯಿ ಒಣಗಿ ಬೂದುಬಣ್ಣಕ್ಕೆ ತಿರುಗಿದಾಗ ಅದರ ಮುಚ್ಚಳದ ಕೆಳಗೆ ಸುತ್ತಲೂ ಸಣ್ಣ ಕಿಂಡಿಗಳು ತೆರೆಯುತ್ತವೆ. ಗಾಳಿ ಅಲುಗಿಸಿದಂತೆಲ್ಲ ಒಂದಿಷ್ಟು ಬೀಜ ಹೊರಗೆ ಸಿಡಿಯುತ್ತದೆ. ಬಲಿತದ್ದು ತಿಳಿಯುವುದು ಕಿವಿಯಿಂದ. ನಮ್ಮಲ್ಲಿ ಉಂಡೆಕೊಬ್ಬರಿಗೆಂದು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ತಿರುಳು ಚಿಪ್ಪನ್ನು ಬಿಟ್ಟು ಕದಲಿದ ಸದ್ದನ್ನು ಕೇಳಿ, ಸುಲಿಯುತ್ತೇವಲ್ಲವೇ? ಅದೇ ಪರೀಕ್ಷೆ ಇಲ್ಲಿಯೂ. ಒಂದು ಫೆಬ್ರವರಿಯ ಕೊನೆಯಲ್ಲಿ ಪಕ್ಕದ ಯಜಮಾನರು ಒಳಗೆ ಬಂದು, ಒಣಗಿದ ಪಾಪಿ ಕಾಯಿಯೊಂದನ್ನು ಎರಡು ಬೆರಳುಗಳಲ್ಲಿ ಹಿಡಿದು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದರು. ಬೀಜ ಸರಸರ ಎಂದಿತು. “ಇದೂ ಗಿಟುಕಾಗಿದೆ ಮೇಷ್ಟ್ರೇ, ಕೊಯ್ಕೊಳಿ” ಎಂದರು. ಐವತ್ತು ವರ್ಷ ಕೊಬ್ಬರಿ ವ್ಯವಹಾರ ಮಾಡಿದವರ ತೀರ್ಪು ತಪ್ಪಿರಲಿಲ್ಲ.

ಕೊಯ್ದ ಕಾಯಿಗಳನ್ನು ಕಾಗದದ ಮೇಲೆ ಬೋರಲು ಹಾಕಿ ಬೀಜ ಉದುರಿಸಿ, ನೆರಳಿನಲ್ಲಿ ಒಂದು ವಾರ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಿಗಿಮುಚ್ಚಳದ ಗಾಜಿನ ಸೀಸೆಯಲ್ಲಿ ಇಡಬೇಕು. ಮಳೆಗಾಲದ ತೇವ ಸೋಕದಿದ್ದರೆ ಬರುವ ನವೆಂಬರಿಗೆ ಚೆನ್ನಾಗಿ ಮೊಳೆಯುತ್ತವೆ. ಅಡುಗೆಮನೆಯ ಗಸಗಸೆಯ ಡಬ್ಬಿಯ ಹತ್ತಿರ ಮಾತ್ರ ಇಡಬೇಡಿ. ಕಣ್ಣಿಗೆ ಎರಡೂ ಒಂದೇ ಬಳಗ.

ನಮ್ಮ ತೆರಪಿನ ಒಂದು ಪಕ್ಕದಲ್ಲಿ ತಿಪಟೂರು ತಳಿಯ ತೆಂಗಿನ ಸಸಿಯೊಂದನ್ನು ನೆಟ್ಟಿದ್ದೇವೆ. ನೆಡಿಸಿದವರು ನಮ್ಮ ತಾಯಿಯವರೇ. ಅದೀಗ ಆಳೆತ್ತರಕ್ಕೆ ಗರಿ ಬಿಚ್ಚಿದೆ. ಮಧ್ಯಾಹ್ನದ ಮೇಲೆ ಪಾತಿಯ ಪಶ್ಚಿಮದ ಅಂಚಿಗೆ ಅದರ ನೆರಳು ಬರತೊಡಗಿದೆ. ಇನ್ನು ಕೆಲವು ವರ್ಷಗಳಲ್ಲಿ ಆ ನೆರಳು ಪಾತಿಯನ್ನೆಲ್ಲ ಆವರಿಸುತ್ತದೆ, ಆವರಿಸಬೇಕು. ತೆಂಗಿನ ನೆಲ ತೆಂಗಿಗೇ ಸಲ್ಲತಕ್ಕದ್ದು. ಪಾಪಿ ಅಲ್ಲಿ ಬಾಡಿಗೆಗೆ ಇದ್ದದ್ದು, ಅಷ್ಟು ದಿನದ ಬಾಡಿಗೆಯನ್ನು ಪೂರಾ ಸಲ್ಲಿಸಿದೆ. ಈ ಕೆಲವು ಚಳಿಗಾಲಗಳಲ್ಲಿ ನಮ್ಮ ಮನೆಯವರು ಹಿತ್ತಿಲ ಬಾಗಿಲು ತೆಗೆದಾಗ ಕಡಿದ ಮರಗಳ ಬೊಡ್ಡೆಗಳನ್ನು ಮಾತ್ರ ಕಾಣಲಿಲ್ಲ. ಬಳಕೆಗೆ ಬಾರದ ಹೂವಿನಿಂದ ಇದಕ್ಕಿಂತ ಹೆಚ್ಚಿನ ಬಳಕೆಯನ್ನು ನಾನು ಬಯಸಲಾರೆ.

ಮರ ಕಳೆದುಕೊಂಡ ಹಿತ್ತಿಲುಗಳು ನಮ್ಮ ಮೂರು ತಾಲ್ಲೂಕುಗಳಲ್ಲಿಯೂ ಉಂಟು. ಹೊಸ ಸಸಿ ನೆಟ್ಟು ಅದು ತಲೆ ಎತ್ತುವವರೆಗೆ ಬಿಸಿಲು ಬಿದ್ದ ನೆಲವನ್ನು ನೋಡುತ್ತಿರುವವರೂ ಉಂಟು. ಅಂಥವರು ಕೇಳಿದರೆ ನಾನು ಬೀಜ ಕೊಡುತ್ತೇನೆ. ಪೊಟ್ಟಣದ ಮೇಲೆ ‘ಪಪಾವರ್ ರೀಯಸ್, ಕೆಂಪು ಪಾಪಿ’ ಎಂದು ಪೂರ್ತಿ ಹೆಸರನ್ನೂ, ಬೀಜ ಕಟ್ಟಿದ ವರ್ಷವನ್ನೂ ಬರೆದೇ ಕೊಡುತ್ತೇನೆ. ಪಡೆದವರು ಇನ್ನೊಬ್ಬರಿಗೆ ಕೊಡುವಾಗಲೂ ಆ ಬರಹವನ್ನು ಬಿಡಬಾರದೆಂದು ಕೋರಿಕೆ.